ಬಿಡಿಭಾಗಗಳ ಚರಿತ್ರೆ

ಆ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ವೃತ್ತಿ ನಾಟಕ ಕಂಪನಿಗಳಲ್ಲಿ ಪರದೆ ಎಳೆದವರು, ಪೆಟ್ಟಿಗೆ ನುಡಿಸಿದವರು, ಅಡುಗೆ ಮಾಡಿದವರನ್ನು ಹುಡುಕಿಕೊಂಡು ಹೋಗಿ ಪಿಎಚ್‌ಡಿಗಾಗಿ ಮಾಡಿಕೊಂಡಿದ್ದ ವಿಡಿಯೊ ಸಂದರ್ಶನಗಳು ಅದರಲ್ಲಿದ್ದವು. ಹೆಚ್ಚಿನವಕ್ಕೆ ಬೇರೆ ಕಡೆ ಪ್ರತಿ ಇತ್ತು. ಗದಗಿನ ಹತ್ತಿರದ ಹಳ್ಳಿಯೊಂದರ ಹಾರ್ಮೋನಿಯಂ ಮಾಸ್ತರರ ಮೂರು ಗಂಟೆಯ ಮಾತಿಗೆ ಮಾತ್ರ ಇರಲಿಲ್ಲ. ರಿಪೇರಿಯವರು ಹಿಂಬದಿ ಬಿಚ್ಚಿ ನೋಡಿ, "ಡಿಸ್ಕ್ ಅಂತ ಬೇರೆ ಏನೂ ಇಲ್ಲ ಮೇಡಂ, ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಬೋರ್ಡ್ ಹೋದರೆ ಎಲ್ಲಾ ಹೋದ ಹಾಗೆ" ಎಂದರು. ಮಾಸ್ತರರು ಅದಕ್ಕೆ ಎರಡು ತಿಂಗಳ ಮೊದಲೇ ತೀರಿಕೊಂಡಿದ್ದರು.

ಇನ್ನು ಮುಂದೆ ಬಿಚ್ಚಲು ಬರುವ ಯಂತ್ರವನ್ನೇ ಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ. ಬಾಕಿಯಿದ್ದ ಫೆಲೋಶಿಪ್ ಹಣ ಒಟ್ಟಿಗೆ ಬಂದಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ತಮ್ಮ 20 ಸಾವಿರ ಸೇರಿಸಿದ. "ಹಗಲು ನಿನ್ನ ಎಡಿಟಿಂಗು, ರಾತ್ರಿ ನನ್ನ ಗೇಮು, ಒಪ್ಪಿಗೆನಾ ಅಕ್ಕಾ?" ಎಂಬ ಕರಾರಿನೊಂದಿಗೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಮೂರು ಕೊಟೇಶನ್ ತಂದೆವು. ಒಂದೊಂದರಲ್ಲೂ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಸಾಲು ಸಾಲು. ಚರಿತ್ರೆ ಓದುವವಳಿಗೆ ಆ ಚೀಟಿ ನೋಡಿದಾಗ ಹುಟ್ಟಿದ್ದು ಬೇರೆಯೇ ಪ್ರಶ್ನೆ: ಬೇರೆ ಬೇರೆ ಕಂಪನಿಗಳು ಮಾಡಿದ ಈ ಭಾಗಗಳು ಒಂದಕ್ಕೊಂದು ಕೂಡಿಕೊಳ್ಳುವುದಾದರೂ ಹೇಗೆ? ಈ ಆಯ್ಕೆಯನ್ನು ನಮಗೆ ಕೊಟ್ಟವರು ಯಾರು?

1975ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪೆಟ್ಟಿಗೆಯ ಚಿತ್ರ ಬಂತು. ಆಲ್ಬುಕರ್ಕಿಯ ಎಂಐಟಿಎಸ್ ಎಂಬ ಸಣ್ಣ ಕಂಪನಿ ಅದನ್ನು ಬಿಡಿಭಾಗಗಳ ಕಿಟ್ಟಾಗಿಯೇ ಮಾರುತ್ತಿತ್ತು. ಕೊಂಡವರು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ಕೀಲಿಮಣೆ ಇಲ್ಲ, ಪರದೆ ಇಲ್ಲ. ಎದುರಿಗೆ ಸ್ವಿಚ್ಚುಗಳು, ಮಿಣುಕುವ ದೀಪಗಳು, ಒಳಗೆ 256 ಬೈಟ್ ಮೆಮೊರಿ. ಆದರೆ ಅದರಲ್ಲಿ ಖಾಲಿ ಸ್ಲಾಟುಗಳಿದ್ದವು. ಬೇರೆಯವರು ಅವುಗಳಿಗೆ ಹೊಂದುವ ಕಾರ್ಡುಗಳನ್ನು ಮಾಡಿ ಮಾರಲು ತೊಡಗಿದರು. ಬಿಡಿಭಾಗದ ಮಾರುಕಟ್ಟೆ ಮೊಳೆತದ್ದು ಅಲ್ಲಿ.

ಅದು ಹವ್ಯಾಸಿಗಳ ಲೋಕ. ಆ ಪದ್ಧತಿ ಲೋಕರೂಢಿಯಾದದ್ದು ಐಬಿಎಂನಿಂದ, ಅದೂ ಐಬಿಎಂನ ಅವಸರದಿಂದ. ಎಲ್ಲವನ್ನೂ ತನ್ನ ಮನೆಯಲ್ಲೇ ಮಾಡಿಕೊಳ್ಳುವ ರೂಢಿಯಿದ್ದ ಆ ದೈತ್ಯ ಕಂಪನಿಗೆ ಪುಟ್ಟ ಕಂಪ್ಯೂಟರೊಂದು ಬೇಗ ಬೇಕಾಗಿತ್ತು. ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ಮುಂದಾಳತ್ವದ ತಂಡಕ್ಕೆ ಸಿಕ್ಕ ಗಡುವು ಸುಮಾರು ಒಂದು ವರ್ಷ. ಅಷ್ಟರಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಲಾಗದು. ಹಾಗಾಗಿ ಇಂಟೆಲ್‌ನ 8088 ಚಿಪ್ಪು, ಮೈಕ್ರೋಸಾಫ್ಟಿನ ಡಾಸ್ ಹೀಗೆ ಹೊರಗಿನದನ್ನು ತಂದು ಜೋಡಿಸಿದರು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. ಐದು ಸ್ಲಾಟುಗಳಿದ್ದ ಆ ಯಂತ್ರದ ಸರ್ಕ್ಯೂಟ್ ನಕ್ಷೆಗಳನ್ನೂ ಕಂಪನಿ ಕೈಪಿಡಿಯಲ್ಲಿ ಅಚ್ಚು ಹಾಕಿಸಿತು.

ಐಬಿಎಂ ತನ್ನದೆಂದು ಹಿಡಿದಿಟ್ಟುಕೊಂಡದ್ದು ಮುಖ್ಯವಾಗಿ ಒಂದನ್ನು: ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಮು. ಅದರ ಪಠ್ಯಕ್ಕೆ ಕೃತಿಸ್ವಾಮ್ಯವಿತ್ತು, ಅದು ಮಾಡುವ ಕೆಲಸಕ್ಕೆ ಇರಲಿಲ್ಲ. ಈ ಸಂದಿನಲ್ಲೇ ದಾರಿ ಮಾಡಿಕೊಂಡವರಲ್ಲಿ ಹ್ಯೂಸ್ಟನ್ನಿನ ಕಾಂಪ್ಯಾಕ್ ಮುಖ್ಯವಾದುದು. ಒಂದು ಗುಂಪು ಬಯಾಸ್ ಏನೇನು ಮಾಡುತ್ತದೆ ಎಂದು ಮಾತ್ರ ಬರೆದುಕೊಟ್ಟಿತು. ಮೂಲ ಪಠ್ಯವನ್ನು ಕಣ್ಣಿಂದಲೂ ನೋಡದ ಇನ್ನೊಂದು ಗುಂಪು ಆ ಟಿಪ್ಪಣಿಯನ್ನಷ್ಟೇ ಇಟ್ಟುಕೊಂಡು ಹೊಸದಾಗಿ ಬರೆಯಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ರೀತಿ ಬರೆಸಿದ ಬಯಾಸನ್ನು ಬೇರೆ ತಯಾರಕರಿಗೆ ಮಾರತೊಡಗಿತು. 1987ರಲ್ಲಿ ಐಬಿಎಂ ಪಿಎಸ್/2 ಯಂತ್ರಗಳಲ್ಲಿ ತನ್ನದೇ ಹೊಸ ಬಗೆಯ ಸ್ಲಾಟು ತಂದು, ಬಳಸುವವರು ಪರವಾನಗಿ ಪಡೆಯಬೇಕೆಂದಿತು. ಮರುವರ್ಷ ಕಾಂಪ್ಯಾಕ್ ಸೇರಿ ಒಂಬತ್ತು ಕಂಪನಿಗಳು ಒಟ್ಟಾಗಿ ಇನ್ನೊಂದು ಮಾನಕ ಪ್ರಕಟಿಸಿದವು. ಬಾಗಿಲು ಹೊರಳಿ ಮುಚ್ಚಲಿಲ್ಲ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನಕ ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗವನ್ನೂ ಗೊತ್ತುಮಾಡಿತು. ನಾವು ಆರಿಸಿದ ಕ್ಯಾಬಿನೆಟ್ಟಿನ ಮೇಲೆ ಇಂದಿಗೂ ಅದೇ ಮೂರಕ್ಷರ.

ನಮ್ಮಲ್ಲಿ ಕತೆ ಸ್ವಲ್ಪ ಬೇರೆ. ವಿದೇಶಿ ಬಂಡವಾಳದ ನಿಯಮಗಳಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತದಿಂದ ಹೊರಟುಹೋಗಿತ್ತು. 1984ರ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿದ ಮೇಲೆ ಭಾಗಗಳು ಬರುವುದು ಸುಲಭವಾಯಿತು. ಎಸ್.ಪಿ. ರೋಡಿನಂಥ ಬೀದಿಗಳು ಕಂಪ್ಯೂಟರಿಗೆ ಹೆಸರಾದದ್ದು ಆಮೇಲೆ. 'ಅಸೆಂಬಲ್ಡ್' ಎನ್ನುವುದು ನಮ್ಮ ಕನ್ನಡದ್ದೇ ಮಾತಾಗಿಬಿಟ್ಟಿದೆ. ಬ್ರ್ಯಾಂಡೆಡ್ ಕೊಳ್ಳಲಾಗದ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಆ ಹೆಸರಿನಲ್ಲಿ.

ಇಷ್ಟು ತಿಳಿದ ಮೇಲೆ ಕೊಟೇಶನ್ ಓದುವುದು ಸುಲಭವಾಯಿತು. ದೊಡ್ಡ ಜಗಳ ನಡೆದದ್ದು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ. ಅದು ಆಟದ ಸಾಮಾನು, ನನ್ನ ಫೆಲೋಶಿಪ್ ಹಣ ಅದಕ್ಕಲ್ಲ ಎಂದು ನಾನು. ಹುಟ್ಟಿನಿಂದ ಅದು ಆಟದ ಸಾಮಾನೇ ನಿಜ: 1996ರ ವೂಡೂ ಕಾರ್ಡಾಗಲಿ, 1999ರಲ್ಲಿ ಎನ್‌ವಿಡಿಯಾ 'ಜಿಪಿಯು' ಎಂಬ ಹೆಸರಿಟ್ಟು ಮಾರಿದ ಜಿಫೋರ್ಸ್ 256 ಆಗಲಿ ಗೇಮಿಗಾಗಿಯೇ ಬಂದವು. ಆದರೆ ಸಾವಿರಾರು ಚುಕ್ಕಿಗಳಿಗೆ ಒಂದೇ ಲೆಕ್ಕವನ್ನು ಒಟ್ಟಿಗೆ ಮಾಡುವ ಅದರ ಶಕ್ತಿಯನ್ನು ಬೇರೆ ಕೆಲಸಕ್ಕೂ ಬಳಸುವ ದಾರಿ 2007ರಲ್ಲಿ ಕುಡಾ ಬಂದ ಮೇಲೆ ಅಗಲವಾಯಿತು. 2010ರ ಅಡೋಬಿ ಪ್ರೀಮಿಯರ್ ಸಿಎಸ್5 ಅದೇ ಕುಡಾವನ್ನು ವಿಡಿಯೊ ಎಡಿಟಿಂಗಿಗೆ ಬಳಸಿತು. ಮಂದ ಬೆಳಕಿನ ಹಜಾರದಲ್ಲಿ ಕೂತ ಅಜ್ಜನ ಮುಖದ ಬಣ್ಣ ಸರಿಪಡಿಸುವುದಕ್ಕೂ, ತಮ್ಮನ ಆಟದಲ್ಲಿ ನೀರು ಹೊಳೆಯುವುದಕ್ಕೂ ದುಡಿಯುವುದು ಒಂದೇ ಚಿಪ್ಪು. ನಾನು ಸೋತೆ.

ಅರ್ಧ ಮಾತ್ರ ಸೋತೆ. ಅವನು ಕೇಳಿದ್ದು ಹೊಸ ಆರ್‌ಟಿಎಕ್ಸ್ 4060, ಅದಕ್ಕೆ 8 ಜಿಬಿ ಮೆಮೊರಿ. ಹಳೆಯ 3060ರಲ್ಲಿ 12 ಜಿಬಿ. ಆಟದಲ್ಲಿ ವೇಗ ತುಸು ಕಡಿಮೆಯಾದರೂ, 4ಕೆ ವಿಡಿಯೊಗೆ ಬಣ್ಣದ ಪದರಗಳನ್ನು ಸೇರಿಸುವಾಗ ಕಾರ್ಡಿನ ಮೆಮೊರಿ ತುಂಬಿಹೋದರೆ ಕೆಲಸವೇ ನಿಲ್ಲುತ್ತದೆ. ಹಳೆಯದನ್ನೇ ಆರಿಸಿದೆವು. ಪ್ರೊಸೆಸರಿಗೆ ಆರು ಕೋರಿನ ರೈಜನ್ 5 7600. ಎಂಟು ಕೋರಿನ ಹಳೆಯದು ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದರ ಎಎಂ4 ಸಾಕೆಟ್ 2016ರದ್ದು, ಅಲ್ಲಿಂದ ಮುಂದಕ್ಕೆ ಹೆಚ್ಚು ದಾರಿಯಿಲ್ಲ. ಎಎಂ5 ಬೋರ್ಡಾದರೆ ನಾಲ್ಕು ವರ್ಷದ ನಂತರ ಪ್ರೊಸೆಸರನ್ನಷ್ಟೇ ಬದಲಿಸುವ ಆಸೆ ಇಟ್ಟುಕೊಳ್ಳಬಹುದು. ರ‍್ಯಾಮ್ 16 ಜಿಬಿಯ ಎರಡು ಕಡ್ಡಿ, ಎರಡು ಸ್ಲಾಟು ಖಾಲಿ. ಬಣ್ಣದ ದೀಪಗಳ ಫ್ಯಾನುಗಳನ್ನು ತೆಗೆಸಿ, ಆ ಹಣವನ್ನು 650 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿದೆವು. ಉಳಿದೆಲ್ಲ ಭಾಗಗಳಿಗೂ ಅನ್ನ ಬಡಿಸುವುದು ಅದೇ.

ಬಿಚ್ಚಲು ಬರುವ ಯಂತ್ರವೂ ಕೆಡುತ್ತದೆ. ಪ್ರತಿ ಮಾಡಿಟ್ಟುಕೊಳ್ಳದ ತಪ್ಪು ನನ್ನದೇ. ಬೋರ್ಡಿಗೆ ಬೆಸೆಯದ ಡಿಸ್ಕಾಗಿದ್ದರೆ ಅದನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿ ನೋಡುವ ಒಂದು ಅವಕಾಶವಾದರೂ ಇರುತ್ತಿತ್ತು. ತೆಳ್ಳಗೆ, ಹಗುರಾಗಿ ಇರಲೆಂದು ಅದನ್ನು ನಾನು ಕೊಂಡಿದ್ದೆ. ಆ ತೆಳುವಿಗೆ ಬಿಟ್ಟುಕೊಟ್ಟದ್ದು ಏನೆಂದು ಅಂಗಡಿಯಲ್ಲಿ ಕೇಳಲಿಲ್ಲ.

ಈಗ ನಮ್ಮ ಕ್ಯಾಬಿನೆಟ್ಟಿನಲ್ಲಿ ಕೆಲಸಕ್ಕೆ 1 ಟಿಬಿಯ ಎಸ್‌ಎಸ್‌ಡಿ, ಸಂಗ್ರಹಕ್ಕೆ 4 ಟಿಬಿಯ ಹಾರ್ಡ್‌ಡಿಸ್ಕ್ ಇವೆ. ಮೂರನೆಯ ಪ್ರತಿ ಊರಿನಲ್ಲಿ ಅಮ್ಮನ ಬೀರುವಿನಲ್ಲಿ. ಹನ್ನೊಂದರ ನಂತರ ಕುರ್ಚಿ ತಮ್ಮನದು. ಹೋದ ತಿಂಗಳು ಗದಗಿಗೆ ಹೋಗಿ ಮಾಸ್ತರರ ಹೆಂಡತಿಯನ್ನು ಮಾತಾಡಿಸಿ ಬಂದೆ. "ಅವರು ಹೇಳಿದ್ದನ್ನೆಲ್ಲಾ ನೀ ಬರಕೊಂಡೀಯಲ್ಲವ್ವಾ?" ಎಂದು ಕೇಳಿದರು. ಬರೆದುಕೊಂಡಷ್ಟು ಇದೆ ಅಮ್ಮಾ ಎಂದೆ. ಆಮೇಲೆ ಕ್ಯಾಮೆರಾ ಆನ್ ಮಾಡಿ, ನಿಮಗೆ ನೆನಪಿರುವುದನ್ನು ನೀವು ಹೇಳಿ ಎಂದು ಕೇಳಿಕೊಂಡೆ. ಅಂದು ರಾತ್ರಿ ಬಸ್ಸು ಹತ್ತುವ ಮೊದಲೇ ಅದರ ಎರಡು ಪ್ರತಿ ಮಾಡಿದ್ದೆ.