ಹಲ್ಲಿನ ಬುಡದ ಗಾರೆ: ಕೆರೆಯೋದಾ, ಕೀಳೋದಾ?

"ಕ್ಲೀನಿಂಗ್ ಮಾತ್ರ ಮಾಡಿಸ್ಬೇಡ ತಮ್ಮಾ, ಇರೋ ಹಲ್ಲೂ ಅಲ್ಲಾಡ್ತಾವೆ." ನಾವು ದಾವಣಗೆರೆ ಬಸ್ಸು ಹತ್ತುವ ಹಿಂದಿನ ರಾತ್ರಿ ದೊಡ್ಡಪ್ಪ ಹೇಳಿದ ಮಾತು ಇದು. ಈ ಮಾತನ್ನು ನೀವೂ ಕೇಳಿರುತ್ತೀರಿ. ಪ್ರತಿ ಊರಿನ ಕಟ್ಟೆಯ ಮೇಲೂ ಇದನ್ನು ಹೇಳುವವರು ಒಬ್ಬರಾದರೂ ಇದ್ದಾರೆ.

ಒಂದೂವರೆ ವರ್ಷದಿಂದ ಬ್ರಷ್ ಮಾಡಿದಾಗಲೆಲ್ಲ ರಕ್ತ ಬರುತ್ತಿತ್ತು. ಬ್ರಷ್ ಗಟ್ಟಿ ಇರಬೇಕು ಅಂದುಕೊಂಡು ಬ್ರಷ್ ಬದಲಾಯಿಸಿದೆವು. ಆಮೇಲೆ ಪೇಸ್ಟ್ ಬದಲಾಯಿಸಿದೆವು. ಕೊನೆಗೆ ಒಂದು ಗ್ರಾಮಸಭೆಯಲ್ಲಿ ಮೈಕ್ ಹಿಡಿದು ಮಾತಾಡಿಸುವಾಗ ಎದುರಿಗಿದ್ದ ಸದಸ್ಯರು ಒಂದು ಹೆಜ್ಜೆ ಹಿಂದೆ ಸರಿದರು. ಆವತ್ತು ಅರ್ಥವಾಯಿತು. (ವರದಿಯಲ್ಲಿ 'ನಾನು' ಅಂತ ಬರೆಯಬಾರದು ಅಂತ ಡಿಪ್ಲೊಮಾದಲ್ಲಿ ಕಲಿಸಿದ್ದಾರೆ. ಹಾಗಾಗಿ ಬಾಯಿಯೂ ನಮ್ಮದೇ, ವಾಸನೆಯೂ ನಮ್ಮದೇ.)

ದಂತ ಕಾಲೇಜಿನ ಆಸ್ಪತ್ರೆಯಲ್ಲಿ ಪಿಜಿ ಓದುವ ಡಾಕ್ಟರಮ್ಮ "ಬಾಯಿ ಕಳೀರಿ ಸರ್" ಅಂದು, ಮಿಲಿಮೀಟರ್ ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿದರು. "ಮೂರು, ಎರಡು, ಐದು, ಆರು..." ಅಂತ ಅವರು ಹೇಳುತ್ತಾ ಹೋದರು, ಇನ್ನೊಬ್ಬರು ಬರೆದುಕೊಂಡರು. ಅಡಿಕೆ ಮಂಡಿಯಲ್ಲಿ ರೇಟು ಕೂಗಿದ ಹಾಗಿತ್ತು. ಮೂರರೊಳಗೆ ಇದ್ದರೆ ಚಿಂತೆ ಇಲ್ಲ. ಅದಕ್ಕಿಂತ ಆಳವಾದರೆ ಹಲ್ಲು ಮತ್ತು ವಸಡಿನ ನಡುವೆ ಜೇಬಿನಂಥ ಸಂದು ಬಿದ್ದಿದೆ, ಒಳಗೆ ಪಾಚಿ ಕಟ್ಟಿ ಗಾರೆಯಂತೆ ಗಟ್ಟಿಯಾಗಿದೆ, ಹಲ್ಲು ಹಿಡಿದುಕೊಂಡಿರುವ ಮೂಳೆ ಕರಗುತ್ತಿದೆ ಅಂತ ಅರ್ಥ. ಅದನ್ನು ಬುಡದವರೆಗೆ ಇಳಿದು ಕೆರೆಯುವುದೇ ಡೀಪ್ ಕ್ಲೀನಿಂಗ್. ಅವರ ಭಾಷೆಯಲ್ಲಿ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್. ಬಡಗಿ ಹತ್ತರಿ ಹೊಡೆದು ಹಲಗೆ ನುಣುಪು ಮಾಡುತ್ತಾನಲ್ಲ, ಆ ಕೆಲಸಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು.

ನಾಲ್ಕು ಸಲ ಬರಬೇಕು ಅಂದರು. ಕಾರಿಡಾರಿನ ಬೆಂಚಿನ ಮೇಲೆ ಕಾಯುತ್ತಾ, ದೊಡ್ಡಪ್ಪನ ಮಾತು ಎಲ್ಲಿಂದ ಹುಟ್ಟಿತು ಅಂತ ಹುಡುಕಲು ಶುರು ಮಾಡಿದೆವು. ಹುಡುಕುತ್ತಾ ಹೋದರೆ ಅದು ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ಸುಶ್ರುತ ಸಂಹಿತೆಯಲ್ಲಿ ಈ ಗಾರೆಗೆ 'ದಂತಶರ್ಕರಾ' ಅಂತ ಹೆಸರು. ಶರ್ಕರಾ ಅಂದರೆ ಸಕ್ಕರೆಯೂ ಹೌದು, ಮರಳಿನ ಹರಳೂ ಹೌದು. ನಾಲಿಗೆಗೆ ತಾಗಿದಾಗ ಹರಳು ಹರಳಾಗಿಯೇ ಇರುತ್ತದೆ, ಹೆಸರಿಟ್ಟವರು ಬಾಯಿ ನೋಡಿಯೇ ಇಟ್ಟಿದ್ದಾರೆ. ಅದನ್ನು ತೆಗೆಯಲು 'ದಂತಶಂಕು' ಅನ್ನುವ ಪ್ರತ್ಯೇಕ ಉಪಕರಣವೂ ಅಲ್ಲಿನ ಶಸ್ತ್ರಗಳ ಪಟ್ಟಿಯಲ್ಲಿದೆ. ಹಲ್ಲಿನ ಬುಡಕ್ಕೆ ಹಿಂಸೆಯಾಗದಂತೆ ವೈದ್ಯ ಶರ್ಕರೆಯನ್ನು ತೆಗೆಯಬೇಕು, ಆಮೇಲೆ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ತಿಕ್ಕಬೇಕು ಅನ್ನುವುದು ಅಲ್ಲಿ ಹೇಳಿರುವ ಕ್ರಮ. ವಸಡಿನಿಂದ ಕೀವು ರಕ್ತ ಸುರಿದು ಹಲ್ಲು ಅಲ್ಲಾಡುವ ರೋಗಕ್ಕೆ 'ದಂತವೇಷ್ಟ' ಅಂತ ಬೇರೆ ಹೆಸರೇ ಇದೆ. ಅಂದರೆ ಹಲ್ಲು ಅಲ್ಲಾಡುವುದು ರೋಗದ ಲಕ್ಷಣ ಅಂತ ಆಗಲೇ ಬರೆದಿಟ್ಟಿದ್ದಾರೆ. ಬುಡಕ್ಕೆ ಹಿಂಸೆಯಾಗಬಾರದು ಅನ್ನುವ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸುಮಾರು ಸಾವಿರ ವರ್ಷದ ಹಿಂದೆ ಸ್ಪೇನಿನ ಕೊರ್ಡೋಬಾದಲ್ಲಿ ಅಲ್ ಝಹ್ರಾವಿ ಅನ್ನುವ ಅರಬ್ ವೈದ್ಯರಿದ್ದರು. ಮೂವತ್ತು ಭಾಗದ ವೈದ್ಯಗ್ರಂಥ ಬರೆದವರು. ರೋಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ವಸಡಿನ ಕೆಳಗಿರುವುದೂ ಸೇರಿ ಗಾರೆಯೆಲ್ಲ ಹೋಗುವವರೆಗೆ ಕೆರೆಯಬೇಕು, ಒಂದು ದಿನಕ್ಕೆ ಹೋಗದಿದ್ದರೆ ಮರುದಿನ, ಅದರ ಮರುದಿನವೂ ಕೆರೆಯಬೇಕು ಅಂತ ಅವರು ಬರೆದರು. ಬರೆದು ಬಿಡಲಿಲ್ಲ, 14 ಬಗೆಯ ಕೆರೆಗತ್ತಿಗಳ ಚಿತ್ರವನ್ನೂ ಹಾಕಿದರು, ಯಾಕೆಂದರೆ ಮುಂದಿನ ಹಲ್ಲಿಗೆ ಹೊಂದುವ ಕತ್ತಿ ದವಡೆ ಹಲ್ಲಿನ ಹಿಂದಕ್ಕೆ ಹೋಗುವುದಿಲ್ಲ. ನಮ್ಮ ಡಾಕ್ಟರಮ್ಮನ ಟ್ರೇನಲ್ಲೂ ಬೇರೆ ಬೇರೆ ಬಾಗಿನ ಉಪಕರಣಗಳು ಸಾಲಾಗಿ ಇದ್ದವು. 1728ರಲ್ಲಿ ಪುಸ್ತಕ ಬರೆದ ಫ್ರಾನ್ಸಿನ ಪಿಯೇರ್ ಫೋಶಾರ್ ಐದು ಉಪಕರಣ ಹೇಳುತ್ತಾನೆ. ಅದರಲ್ಲಿ ಒಂದು ಗಿಣಿ ಕೊಕ್ಕಿನಂತೆ, ಇನ್ನೊಂದು ಇಂಗ್ಲಿಷಿನ Z ಅಕ್ಷರದಂತೆ.

ಇಷ್ಟೆಲ್ಲ ಕೆರೆದರೂ ಗಾರೆ ಯಾಕೆ ಕೆಟ್ಟದ್ದು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಕಡೆ ಮೊದಲು ಕಣ್ಣು ಹಾಯಿಸಿದ್ದು ವೈದ್ಯರಲ್ಲ, ಹಾಲೆಂಡಿನ ಒಬ್ಬ ಬಟ್ಟೆ ವ್ಯಾಪಾರಿ. ಲೇವನ್‌ಹುಕ್ ಅಂತ ಹೆಸರು. ದಿನಾ ಉಪ್ಪಿನಲ್ಲಿ ಹಲ್ಲು ಉಜ್ಜುತ್ತಿದ್ದವನು. 1683ರಲ್ಲಿ ತನ್ನದೇ ಹಲ್ಲಿನ ಸಂದಿಯಿಂದ ಬಿಳಿ ಪಾಚಿ ತೆಗೆದು, ತಾನೇ ಮಾಡಿದ ಮಸೂರದಲ್ಲಿ ನೋಡಿದರೆ ಅದರೊಳಗೆ ಜೀವಿಗಳು ಓಡಾಡುತ್ತಿದ್ದವು. ಹುಟ್ಟಿದಾಗಿನಿಂದ ಬಾಯಿ ತೊಳೆಯದ ಒಬ್ಬ ಮುದುಕನ ಪಾಚಿಯನ್ನೂ ನೋಡಿದ, ಅಲ್ಲಂತೂ ಸಂತೆ. ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದರೆ ಪಾಚಿಯ ಹೊರಗಿನವು ಮಾತ್ರ ಸಾಯುತ್ತವೆ, ಒಳಗಿನವು ಹಾಗೇ ಇರುತ್ತವೆ ಅಂತಲೂ ಅವನು ಗಮನಿಸಿದ. ಇವತ್ತು ಮೌತ್‌ವಾಶ್ ಬಾಟಲಿ ಕೊಂಡು ವಸಡು ವಾಸಿಯಾಗುತ್ತದೆ ಅಂದುಕೊಂಡವರು (ನಾವೂ ಎರಡು ಬಾಟಲಿ ಕೊಂಡಿದ್ದೆವು) ಇದನ್ನು ಒಮ್ಮೆ ಯೋಚಿಸಬೇಕು.

ಈಗ ಅಮೆರಿಕದ ಹಾರ್ಟ್‌ಫರ್ಡ್ ಊರಿಗೆ ಬರೋಣ. ಅಲ್ಲಿ ಜಾನ್ ರಿಗ್ಸ್ ಅನ್ನುವ ಹಲ್ಲಿನ ವೈದ್ಯನಿದ್ದ. 1844ರ ಡಿಸೆಂಬರ್ 11ರಂದು ಹೋರೇಸ್ ವೆಲ್ಸ್ ಅನ್ನುವ ಇನ್ನೊಬ್ಬ ವೈದ್ಯ ನಗೆ ಅನಿಲ ಸೇದಿ ಕುಳಿತ, ರಿಗ್ಸ್ ಅವನ ಹಲ್ಲು ಕಿತ್ತ. ಅರಿವಳಿಕೆಯ ಇತಿಹಾಸದಲ್ಲಿ ಬಹಳ ದೊಡ್ಡ ದಿನ ಅದು. ಹಲ್ಲು ಕಿತ್ತು ಹೆಸರಾದ ಈ ಮನುಷ್ಯ ಆಮೇಲೆ ವಾದಿಸಿದ್ದು ಹಲ್ಲು ಉಳಿಸಬೇಕು ಅಂತ. ಆಗ ವಸಡಿನ ರೋಗಕ್ಕೆ ಕೆಲವರು ವಸಡನ್ನೇ ಕತ್ತರಿಸುತ್ತಿದ್ದರು. ರಿಗ್ಸ್ ಅದನ್ನು ವಿರೋಧಿಸಿದ. ತಪ್ಪು ವಸಡಿನದ್ದಲ್ಲ, ಹಲ್ಲಿಗೆ ಅಂಟಿದ ಗಾರೆಯದ್ದು, ಮೂಳೆಯ ಅಂಚಿನವರೆಗೆ ಇಳಿದು ಅದನ್ನು ತೆಗೆದರೆ ವಸಡು ತಾನೇ ಸುಧಾರಿಸುತ್ತದೆ ಅಂದ. 1876ರಲ್ಲಿ ಅದನ್ನು ಬರೆದು ಪ್ರಕಟಿಸಿದ. ವಸಡಿನ ರೋಗಕ್ಕೆ ಅಮೆರಿಕದಲ್ಲಿ ಬಹಳ ಕಾಲ 'ರಿಗ್ಸ್ ರೋಗ' ಅಂತಲೇ ಹೆಸರಿತ್ತು. ಪಾಪ, ವಾಸಿ ಮಾಡಲು ಹೊರಟವನ ಹೆಸರು ರೋಗಕ್ಕೆ ಅಂಟಿಕೊಂಡಿತು.

ಆದರೆ ಅವನ ಮಾತು ಪೂರ್ತಿ ನಿಲ್ಲಲಿಲ್ಲ. 1910ರಲ್ಲಿ ವಿಲಿಯಂ ಹಂಟರ್ ಅನ್ನುವ ಇಂಗ್ಲೆಂಡಿನ ವೈದ್ಯ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಮೈಯ ಅನೇಕ ಕಾಯಿಲೆಗಳಿಗೆ ಬಾಯಿಯ ಕೀವೇ ಮೂಲ ಅಂದ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಆಮೇಲೆ ಎರಡು ಮೂರು ದಶಕ ನಡೆದದ್ದು ಹಲ್ಲು ಕೀಳುವ ಸುಗ್ಗಿ. ಕೀಲು ನೋವಿಗೆ ಹಲ್ಲು ಕಿತ್ತರು, ಮನೋರೋಗಕ್ಕೂ ಹಲ್ಲು ಕಿತ್ತರು. ಗಟ್ಟಿ ಹಲ್ಲುಗಳೂ ಹೋದವು. ಕೆರೆಯುವುದಕ್ಕೆ ತಾಳ್ಮೆ ಬೇಕು, ಕೀಳುವುದಕ್ಕೆ ಇಕ್ಕಳ ಸಾಕು. ನಮ್ಮ ಕಡೆಯ ಸಂತೆಗಳಲ್ಲಿ ಚಾಪೆ ಹಾಸಿ ಹಲ್ಲು ಕೀಳುತ್ತಿದ್ದವರನ್ನು ಹಿರಿಯರು ನೋಡಿದ್ದಾರೆ. ಓದಿದವರೂ ಅದನ್ನೇ ಮಾಡಿದ್ದರು ಅಂತ ಗೊತ್ತಾದಾಗ ನಮಗೆ ಸ್ವಲ್ಪ ಆಶ್ಚರ್ಯವೇ ಆಯಿತು.

ಗಾರೆಯ ಮೇಲಿನ ಹಸಿ ಪಾಚಿಯೇ ಕಳ್ಳ ಅಂತ ತೋರಿಸಿದ್ದು 1965ರಲ್ಲಿ, ಡೆನ್ಮಾರ್ಕಿನಲ್ಲಿ. ಹೆರಾಲ್ಡ್ ಲೋ ಮತ್ತು ಜೊತೆಯವರು ಒಳ್ಳೆಯ ಬಾಯಿಯ 12 ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಇಳಿಯಿತು.

ಅದೇ ಲೋ ಆಮೇಲೆ ಶ್ರೀಲಂಕಾದ ಟೀ ಎಸ್ಟೇಟುಗಳಿಗೆ ಹೋದರು. ನಮ್ಮನ್ನು ಹೆಚ್ಚು ಕಾಡಿದ್ದು ಈ ಅಧ್ಯಾಯ. 1970ರಿಂದ 15 ವರ್ಷ, 480 ತಮಿಳು ಕೂಲಿಕಾರರ ಬಾಯಿಗಳನ್ನು ಮತ್ತೆ ಮತ್ತೆ ಅಳೆದರು. ಬ್ರಷ್ ಗೊತ್ತಿಲ್ಲದ, ಹಲ್ಲಿನ ವೈದ್ಯರು ಕೈಗೆ ಸಿಗದ ಜನ. ಎಲ್ಲರ ಬಾಯಲ್ಲೂ ಪಾಚಿ, ಗಾರೆ. ಆದರೂ ರೋಗ ಎಲ್ಲರಿಗೂ ಒಂದೇ ವೇಗದಲ್ಲಿ ಬರಲಿಲ್ಲ. 100ಕ್ಕೆ 8 ಜನರಿಗೆ ಓಡೋಡಿ ಬಂತು, 45ರ ಹೊತ್ತಿಗೆ ಅವರ ಬಾಯಿ ಬೋಳು. 81 ಜನರಿಗೆ ನಿಧಾನಕ್ಕೆ. 11 ಜನರಿಗೆ ವಸಡು ಊದಿದ್ದಕ್ಕಿಂತ ಮುಂದೆ ಹೋಗಲೇ ಇಲ್ಲ. 'ನಮ್ಮಜ್ಜ ಒಂದು ದಿನ ಬ್ರಷ್ ಹಿಡಿದವನಲ್ಲ, ಸಾಯೋವರೆಗೂ ಕಬ್ಬು ಸಿಗಿದ' ಅನ್ನುವವರ ಅಜ್ಜ ಆ 11ರಲ್ಲಿ ಒಬ್ಬ. ನಾವೂ ಆ ಲೆಕ್ಕದಲ್ಲೇ ಬರುತ್ತೇವೆ ಅಂತ ಏನು ಗ್ಯಾರಂಟಿ? ಇವತ್ತು ಜಗತ್ತಿನ ದಂತ ಕಾಲೇಜುಗಳಲ್ಲಿ ಈ ಅಧ್ಯಯನವನ್ನು ಪಾಠ ಮಾಡುತ್ತಾರೆ. ಲೈನುಮನೆಯ ಆ ಜನರ ಹಲ್ಲುಗಳು ಬಿದ್ದೇ ಈ ಅಂಕಿಗಳು ಸಿಕ್ಕವು.

ಯಂತ್ರದ ಕಥೆ ಚಿಕ್ಕದು. 'ಝುಂಯ್' ಅಂತ ನೀರು ಚಿಮ್ಮಿಸುವ ಅಲ್ಟ್ರಾಸಾನಿಕ್ ಯಂತ್ರವನ್ನು 1950ರ ದಶಕದಲ್ಲಿ ತಂದದ್ದು ಹುಳುಕು ಹಲ್ಲು ಕೊರೆಯಲು. ಆ ಕೆಲಸಕ್ಕೆ ಅದು ನಿಲ್ಲಲಿಲ್ಲ, ಗಾರೆ ಉದುರಿಸಲು ಹೇಳಿ ಮಾಡಿಸಿದಂತಾಯಿತು. ಮರಗಟ್ಟಿಸುವ ಲಿಡೊಕೇನ್ ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾಗಿತ್ತು. ಝಹ್ರಾವಿಯ ತೊಡೆಯ ಮೇಲೆ ಮಲಗಿದವರಿಗೆ ಅದು ಇರಲಿಲ್ಲ.

ಇನ್ನೊಂದು ವಿಷಯ. 20ನೇ ಶತಮಾನದಲ್ಲಿ ಬಹಳ ಕಾಲ ಡಾಕ್ಟರುಗಳು ಹಲ್ಲಿನ ಬೇರಿನ ಮೇಲ್ಪದರವೇ ವಿಷ ಹೀರಿಕೊಂಡಿದೆ ಅಂತ ನಂಬಿ, ಆ ಪದರವನ್ನೂ ಗಟ್ಟಿಯಾಗಿ ಹೆರೆಯುತ್ತಿದ್ದರು. 1980ರ ದಶಕದ ಪರೀಕ್ಷೆಗಳಲ್ಲಿ ಆ ವಿಷ ಮೇಲೆ ಮೇಲೆ ಅಂಟಿಕೊಂಡಿರುತ್ತದೆ, ಬಹುಪಾಲು ತೊಳೆದು ಉಜ್ಜಿದರೇ ಹೋಗುತ್ತದೆ ಅಂತ ಕಂಡಿತು. ಈಗ ಗಾರೆ ಮತ್ತು ಪಾಚಿ ತೆಗೆದು ಬೇರನ್ನು ಸುಮ್ಮನೆ ಬಿಡುತ್ತಾರೆ. ಹಿಂಸೆಯಾಗದಂತೆ ತೆಗೆಯಬೇಕು ಅಂದ ಸುಶ್ರುತ ಸಂಹಿತೆಯ ಮಾತಿಗೆ ಸುತ್ತು ಹಾಕಿ ಬಂದ ಹಾಗಾಯಿತು.

ಹಾಗಾದರೆ ದೊಡ್ಡಪ್ಪ ಹೇಳಿದ್ದು ಸುಳ್ಳಾ? ಎರಡನೇ ಸಲ ಹೋದಾಗ ಡಾಕ್ಟರಮ್ಮನನ್ನೇ ಕೇಳಿದೆವು. ಮೂಳೆ ಮೊದಲೇ ಕರಗಿರುತ್ತದೆ, ಗಾರೆ ನಾಲ್ಕಾರು ಹಲ್ಲುಗಳನ್ನು ಒಟ್ಟಿಗೆ ಸಿಮೆಂಟಿನಂತೆ ಹಿಡಿದಿರುತ್ತದೆ. ಅದು ಹೋದ ಮೇಲೆ ಹಲ್ಲಿನ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಊದಿದ ವಸಡು ಇಳಿದು ಸಂದುಗಳು ಕಾಣುತ್ತವೆ, ತಣ್ಣೀರು ಜುಂ ಅನ್ನುತ್ತದೆ. ತಡವಾಗಿ ಹೋದವರಿಗೆ ಹಾಗನ್ನಿಸುವುದು ಸಹಜ ಅಂದರು. ಬಿದ್ದ ಗೋಡೆಗೆ ಆನಿಸಿದ್ದ ಬೊಂಬು ತೆಗೆದವನನ್ನೇ ಗೋಡೆ ಬೀಳಿಸಿದ ಅಂದ ಹಾಗೆ.

ಆರು ವಾರ ಬಿಟ್ಟು ಮತ್ತೆ ಅಳೆದರು. ಐದು ಇದ್ದ ಕಡೆಗಳಲ್ಲಿ ಮೂರು ಬಂದಿತ್ತು. ರಕ್ತ ನಿಂತಿದೆ. ಕೆಳಗಿನ ಎಡ ದವಡೆಯ ಒಂದು ಕಡೆ ಮಾತ್ರ ಆರು ಹಾಗೇ ಇದೆ. ವಸಡು ಬಿಡಿಸಿ ತೆಗೆಯಬೇಕಾಗಬಹುದು ಅಂದಿದ್ದಾರೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಹೊಗೆಸೊಪ್ಪು ಮುಟ್ಟಬಾರದು. ವರದಿಗೆ ಹೋದಲ್ಲೆಲ್ಲ ಎಲೆಯಡಿಕೆ ತಟ್ಟೆ ಮುಂದೆ ಬರುವ ನಮಗೆ ಎರಡನೆಯದೇ ಕಷ್ಟ.

ಚಾರ್ಟಿನ ಫೋಟೊ ದೊಡ್ಡಪ್ಪನಿಗೆ ತೋರಿಸಿದೆವು. ಅವರದ್ದು ಸರ್ಕಾರದ ದಂತಭಾಗ್ಯದ ಸೆಟ್ಟು, ಸ್ಟೀಲ್ ಲೋಟದ ನೀರಿನಲ್ಲಿತ್ತು. ಬಹಳ ಹೊತ್ತು ಅಂಕಿಗಳನ್ನು ನೋಡಿ, "ನಂದು ಅಳೆದೇ ಇರಲಿಲ್ಲ ಬಿಡು ತಮ್ಮಾ" ಅಂದರು. ಆಮೇಲೆ ಒಳಗೆ ತಿರುಗಿ ದೊಡ್ಡಮ್ಮನನ್ನು ಕೂಗಿದರು, "ಇವ್ಳೇ, ನಿನ್ನ ವಸಡಲ್ಲೂ ರಕ್ತ ಬರುತ್ತೆ ಅಂತಿದ್ದೆ ಅಲ್ಲ?"