ತೊಗರಿಯ ಬೇರಿನಿಂದ ಗಾಜಿನ ತಟ್ಟೆಗೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಎರೆಭೂಮಿಯಲ್ಲಿ, ಮಳೆಗಾಲ ಮುಗಿಯುವ ಮುನ್ನ, ಒಂದು ತೊಗರಿ ಗಿಡವನ್ನು ಮಣ್ಣುಸಹಿತ ಮೆಲ್ಲಗೆ ಅಗೆದು ತೆಗೆಯಿರಿ. ಜಗ್ಗಿ ಕಿತ್ತರೆ ನೋಡಬೇಕಾದದ್ದು ಹೊಲದಲ್ಲೇ ಉಳಿದುಬಿಡುತ್ತದೆ. ಬೇರನ್ನು ತೊಳೆದಾಗ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾಗಳ ಮನೆ ಅದು. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸುವ ಜೀವಾಣು ಗೊಬ್ಬರದ ಪೊಟ್ಟಣದಲ್ಲಿರುವುದೂ ಇವೇ. ಪ್ರಯೋಗಶಾಲೆಯಲ್ಲಿ ಇವನ್ನು ಬೆಳೆಸುವವರು ಉಣ್ಣಲು ಏನು ಕೊಡುತ್ತಾರೆ?

ಆ ಊಟಕ್ಕೆ ಪೋಷಕ ಮಾಧ್ಯಮವೆಂದು ಹೆಸರು. ಇಂದು ಮಾಂಸದ ಸಾರ, ಪೆಪ್ಟೋನ್, ಯೀಸ್ಟ್ ಸಾರಗಳ ಬಳಕೆ ಹೆಚ್ಚು, ಬೆಲೆಯೂ ಹೆಚ್ಚು. ಹಾಗೆಂದು ಸಸ್ಯಮೂಲದ ಮಾಧ್ಯಮ ಹೊಸ ಕಲ್ಪನೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. 1819ರಲ್ಲಿ ಇಟಲಿಯ ಹಳ್ಳಿಯೊಂದರಲ್ಲಿ ಮೆಕ್ಕೆಜೋಳದ ಮುದ್ದೆಯ ಮೇಲೆ ರಕ್ತದಂಥ ಕಲೆಗಳು ಮೂಡಿ ಜನ ಹೆದರಿದಾಗ, ಅದು ಜೀವಿಯೊಂದರ ಬೆಳವಣಿಗೆಯೆಂದು ಬಾರ್ತೊಲೊಮಿಯೊ ಬಿಜಿಯೊ ತೋರಿಸಿದ. ಜರ್ಮನಿಯ ರಾಬರ್ಟ್ ಕಾಖ್ ಬೇಯಿಸಿದ ಆಲೂಗಡ್ಡೆಯ ಹೋಳುಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದ.

ಆಲೂಗಡ್ಡೆ ಎಲ್ಲ ಬ್ಯಾಕ್ಟೀರಿಯಾಗಳಿಗೂ ಒಗ್ಗಲಿಲ್ಲ. ಜೆಲಟಿನ್ ಬೇಸಿಗೆಯ ಸೆಕೆಗೆ ಕರಗಿತು. ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ಅರಗಿಸಿಕೊಂಡವು. ಕಾಖ್ ಜೊತೆ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, ಮನೆಯ ಸಿಹಿತಿನಿಸು ಗಟ್ಟಿಯಾಗಲು ತಾವು ಬಳಸುತ್ತಿದ್ದ ಅಗರ್ ಅನ್ನು 1881ರಲ್ಲಿ ಸೂಚಿಸಿದರು. ಜಾವಾದಲ್ಲಿ ಬಾಳಿದ್ದ ನೆರೆಯವರಿಂದ ಅದನ್ನು ಅವರು ಅರಿತಿದ್ದರು. ಕಡಲಪಾಚಿಯಿಂದ ಬರುವ ಅಗರ್ ಸುಮಾರು 85 ಡಿಗ್ರಿ ಸೆಲ್ಸಿಯಸ್ ವರೆಗೂ ಕರಗದು. 1882ರ ತನ್ನ ಕ್ಷಯರೋಗದ ಪ್ರಬಂಧದಲ್ಲಿ ಕಾಖ್ ಅಗರ್ ಪ್ರಸ್ತಾಪಿಸಿದ, ಫ್ಯಾನಿಯ ಹೆಸರನ್ನಲ್ಲ. ವಿಜ್ಞಾನಕ್ಕೂ ಇಂಥ ಮರೆವು ಉಂಟು!

1888ರಲ್ಲಿ ಹಾಲೆಂಡಿನ ಬೈಯರಿಂಕ್ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಮೊದಲಬಾರಿಗೆ ಪ್ರತ್ಯೇಕಿಸಿದ. ಅದಕ್ಕೆ ಆತ ಉಣಿಸಿದ್ದು ದ್ವಿದಳ ಸಸ್ಯದ ಕಷಾಯ! ಈಚೆಗೆ ಕೈರೋ ವಿಶ್ವವಿದ್ಯಾಲಯದ ಸಂಶೋಧಕರು ಬರ್ಸೀಮ್ ಮೇವಿನ ಪುಡಿಯನ್ನು ಚಹಾ ಚೀಲದಲ್ಲಿ ತುಂಬಿ ಅಂಥದೇ ಕಷಾಯ ಮಾಡಿದ್ದಾರೆ. ಜಾಫ್ನಾದ ಸಂಶೋಧಕರು 2012ರಲ್ಲಿ ಅಲಸಂದೆ, ಹೆಸರುಕಾಳುಗಳಂಥ ಧಾನ್ಯಗಳ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಅಗರ್‌ಗೆ ಬದಲಾಗಿ ಗೋರಿಕಾಯಿ, ಅಂದರೆ ನಿಮ್ಮ ಚವಳಿಕಾಯಿ, ಬೀಜದ ಅಂಟನ್ನು ದೆಹಲಿ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದರು.

ಹಾಗಾದರೆ ಆಸ್ಪತ್ರೆಗಳೂ ಬೇಳೆಕಟ್ಟನ್ನೇ ಬಳಸಬಾರದೇಕೆ? ಕಟ್ಟು ಮಸುಕಾಗಿರುತ್ತದೆ, ಸಣ್ಣ ಸಮೂಹಗಳು ಅದರಲ್ಲಿ ಕಾಣವು. ಹೊಲದಿಂದ ಹೊಲಕ್ಕೆ ಕಾಳಿನ ಸತ್ವವೂ ಬದಲಾಗುತ್ತದೆ. ರೋಗಿಗೆ ಯಾವ ಔಷಧಿ ನಾಟೀತೆಂದು ತಿಳಿಯುವ ಪರೀಕ್ಷೆಗೆ ಮ್ಯೂಲರ್–ಹಿಂಟನ್ ಎಂಬ ನಿಗದಿತ ಮಾಧ್ಯಮವೇ ಬೇಕು. ಅಲ್ಲಿ ಉಳಿತಾಯ ಮಾಡಹೊರಟರೆ ತಪ್ಪು ಔಷಧಿಯ ಅಪಾಯ.

ಕಾಲೇಜಿನ ಪಾಠಕ್ಕೆ ಮಾತ್ರ ತೊಗರಿಬೇಳೆಯ ಕಟ್ಟು ಧಾರಾಳವಾಗಿ ಆದೀತು. ಅಧ್ಯಾಪಕರ ಸಮ್ಮುಖದಲ್ಲಿ ಅದನ್ನು ಸೋಸಿ, ಲೀಟರಿಗೆ 15 ಗ್ರಾಂ ಅಗರ್ ಬೆರೆಸಿ, ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ 15 ನಿಮಿಷ ಕಾಯಿಸಿ. ಒಂದು ತಟ್ಟೆಗೆ ಏನನ್ನೂ ಸವರದೆ ಹಾಗೇ ಮುಚ್ಚಿಡಿ. ಅದರಲ್ಲಿಯೂ ಏನಾದರೂ ಬೆಳೆದರೆ ಕಟ್ಟು ಶುದ್ಧವಾಗಿರಲಿಲ್ಲವೆಂದೇ ಅರ್ಥ. ಎಲ್ಲ ತಟ್ಟೆಗಳನ್ನೂ ಹಬೆಯಲ್ಲಿ ಕಾಯಿಸಿ ಚೆಲ್ಲಿ, ಮತ್ತೆ ಮೊದಲಿನಿಂದ ಆರಂಭಿಸಿ.