ಪಡ್ರೆಯ ಮಣ್ಣು ಮತ್ತು ವಿಷ ತಿನ್ನುವ ಬ್ಯಾಕ್ಟೀರಿಯಾ

ಕಾಸರಗೋಡಿನ ಗಡಿಗ್ರಾಮ ಪಡ್ರೆಯ ನೀರು, ಮಣ್ಣು ಮತ್ತು ಮಕ್ಕಳ ರಕ್ತವನ್ನು 2001ರಲ್ಲಿ ಪರೀಕ್ಷಿಸಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರದು. ಅಲ್ಲಿನ 117 ಬಾಲಕರನ್ನು ಸಿಂಪಡಣೆ ಕಾಣದ ಊರಿನ 90 ಬಾಲಕರೊಂದಿಗೆ ಹೋಲಿಸಿದ ಆ ಸಂಸ್ಥೆಯ ತಂಡದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಗಂಡುಮಕ್ಕಳು ಪ್ರಾಯಕ್ಕೆ ಬರುವುದನ್ನು ಈ ವಿಷ ತಡಮಾಡಬಹುದು ಎಂದು ಅದು ಹೇಳಿತು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ಹಾಗಾದರೆ ಮಣ್ಣು ಇದನ್ನು ಕರಗಿಸಿಕೊಳ್ಳಲಿಲ್ಲವೆ?

ಕರಗಿಸಿಕೊಳ್ಳುತ್ತದೆ, ಆದರೆ ಎರಡು ದಾರಿಯಲ್ಲಿ. ಒಂದರಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕ ಸೇರಿಸಿ ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಇದು ಮೂಲದಷ್ಟೇ ವಿಷಕಾರಿ, ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು. ಇನ್ನೊಂದರಲ್ಲಿ ನೀರು ಸೇರಿ ಗಂಧಕದ ಕೊಂಡಿ ಬಿಚ್ಚಿ, ವಿಷ ಬಹಳ ಕಡಿಮೆಯಿರುವ ಡಯೋಲ್ ಎಂಬ ವಸ್ತುವಾಗುತ್ತದೆ. ಕ್ಷಾರ ಮಣ್ಣಿನಲ್ಲಿ ಈ ಎರಡನೆಯದು ಬ್ಯಾಕ್ಟೀರಿಯಾದ ನೆರವಿಲ್ಲದೆಯೂ ನಡೆಯುತ್ತದೆ. ಉದಾಹರಣೆಗೆ, ಗುಜರಾತಿನ ಸೂರತ್ ಸುತ್ತಿನ ಕಪ್ಪು ಮಣ್ಣಿಗೆ ಆ ಅನುಕೂಲವಿದೆ. ಪಡ್ರೆಯ ಹುಳಿ ಸ್ವಭಾವದ ಮುರಕಲ್ಲು ಮಣ್ಣಿಗೆ ಇಲ್ಲ. ಆದ್ದರಿಂದ ‘ವಿಷ ಶೇಕಡಾ ಇಷ್ಟು ಇಳಿಯಿತು’ ಎಂದಷ್ಟೇ ಹೇಳುವ ಪ್ರಯೋಗವನ್ನು ನಾನು ನಂಬಲಾರೆ. ಅದು ಯಾವುದಾಗಿ ಬದಲಾಯಿತು ಎಂಬ ಲೆಕ್ಕವೂ ಬೇಕು.

ಆಸ್ಟ್ರೇಲಿಯಾದ ಸಂಶೋಧಕರು 2000ದ ಹೊತ್ತಿಗೆ, ಗಂಧಕದ ಕೊಂಡಿ ಬಿಚ್ಚುವ ಬ್ಯಾಕ್ಟೀರಿಯಾಗಳನ್ನೇ ಆರಿಸಲು ಜಾಣ ಉಪಾಯವೊಂದನ್ನು ಹೂಡಿದ್ದರು. ಬ್ಯಾಕ್ಟೀರಿಯಾಗಳಿಗೆ ಬೇರೆ ಗಂಧಕವನ್ನೇ ಕೊಡದೆ, ಎಂಡೋಸಲ್ಫಾನಿನಲ್ಲಿರುವ ಗಂಧಕವನ್ನು ಕಿತ್ತುಕೊಂಡರೆ ಮಾತ್ರ ಬದುಕುವಂತೆ ಮಾಡಿದರು. ಬದುಕಿದವು ವಿಷದ ಕೊಂಡಿ ಬಿಚ್ಚಲು ಬಲ್ಲವು.

ವಿಷ ಒಡೆಯುವ ಬ್ಯಾಕ್ಟೀರಿಯಾ ಹುಡುಕುವ ವಿದ್ಯೆಯಲ್ಲಿ ಭಾರತೀಯರ ಪಾಲು ಅದಕ್ಕಿಂತ ಹಳೆಯದು. ವಿಜ್ಞಾನಿ ಎನ್. ಸೇತುನಾಥನ್ ಫಿಲಿಪೀನ್ಸಿನ ಭತ್ತದ ಗದ್ದೆಯಲ್ಲಿ ಕಂಡ ಫ್ಲೇವೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ, ಡಯಾಜಿನಾನ್ ಮತ್ತು ಪ್ಯಾರಾಥಿಯಾನ್ ಕೀಟನಾಶಕಗಳೆರಡನ್ನೂ ಒಡೆಯುತ್ತದೆಂದು 1973ರಲ್ಲಿ ವರದಿಯಾಯಿತು. ಮುಂದೆ ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಅವರ ತಂಡ 1990ರಲ್ಲಿ, ನಮ್ಮ ರೈತರು ಬಿಎಚ್‌ಸಿ ಪುಡಿ ಎನ್ನುತ್ತಿದ್ದ ಎಚ್‌ಸಿಎಚ್ ಅನ್ನು ಒಡೆಯುವ ಮಣ್ಣಿನ ಬ್ಯಾಕ್ಟೀರಿಯಾ ಕಂಡಿತು. ಎಚ್‌ಸಿಎಚ್‌ನ ಹಲವು ರೂಪಗಳಲ್ಲಿ ಒಡೆಯಲು ಬಹಳ ಕಷ್ಟವಾದ ಬೀಟಾ ರೂಪವನ್ನೂ ಆ ಬ್ಯಾಕ್ಟೀರಿಯಾ ಬಿಡಲಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದರ ಆಲ್ಫಾ ರೂಪಕ್ಕೆ ಹಲವು ಬ್ಯಾಕ್ಟೀರಿಯಾಗಳ ಕೂಟವನ್ನೇ ಪಳಗಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಸೈಪರ್‌ಮೆಥ್ರಿನ್ ಕೀಟನಾಶಕ ತಿನ್ನುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಬಗ್ಗೆ 2008ರಲ್ಲಿ ಬರೆದರು.

ಫ್ಲಾಸ್ಕಿನಲ್ಲಿ ಇವೆಲ್ಲ ಗೆದ್ದಿವೆ. ಹೊರಗಿನ ಲೋಕ ಬೇರೆ. ಗುಜರಾತಿನ ವಡೋದರಾ ಸುತ್ತಲಿನ ಕಾರ್ಖಾನೆಗಳ ತ್ಯಾಜ್ಯ 1983ರಿಂದ ಸುಮಾರು 56 ಕಿ.ಮೀ. ಕಾಲುವೆಯಲ್ಲಿ ಮಹಿ ಅಳಿವೆಗೆ ಹರಿಯುತ್ತದೆ. ಹಲವು ರಾಸಾಯನಿಕ ಕೂಡಿದ ಅಂಥ ನೀರಿನಲ್ಲಿ ಒಂದೇ ವಿಷಕ್ಕೆ ಪಳಗಿದ ಜೀವಿ ಉಸಿರಾಡುವುದೇ ಕಷ್ಟ. ಪಡ್ರೆಯ ಕಷ್ಟ ಮತ್ತೊಂದು ಬಗೆಯದು: ಗುಡ್ಡದ ಇಳಿಜಾರು, ಸುರಿಯುವ ಮಳೆ, ಗುಡ್ಡದೊಳಗಿಂದ ನೀರು ತರುವ ಸುರಂಗಗಳು. ಬಿತ್ತಿದ ಬ್ಯಾಕ್ಟೀರಿಯಾ ಬೇರೂರುವ ಮೊದಲೇ ತೊಳೆದುಹೋಗಬಹುದು. ಅದಕ್ಕೇ ಹೊರಗಿನ ತಳಿ ತಂದು ಸುರಿಯುವುದಕ್ಕಿಂತ, ಗೊಬ್ಬರ ಸುಣ್ಣ ಹಾಕಿ ಅಲ್ಲಿನದೇ ಜೀವಿಗಳನ್ನು ಸಾಕುವ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಕಾಸರಗೋಡಿನ ಗೋದಾಮುಗಳಲ್ಲಿ ಉಳಿದಿದ್ದ ದಾಸ್ತಾನನ್ನು ಮರುವರ್ಷ ಹೊಸ ಪೀಪಾಯಿಗಳಿಗೆ ತುಂಬಿಸಬೇಕಾಯಿತು. ಅಷ್ಟು ಸಾಂದ್ರವಾದ ವಿಷದಲ್ಲಿ ಬ್ಯಾಕ್ಟೀರಿಯಾವೂ ಬದುಕದು.